ಆರೋಗ್ಯದ ಅಂಕಿಅಂಶ ಓದುವಾಗ ಮೊದಲು ಕೆಳಗಿನ ಸಂಖ್ಯೆ ಹುಡುಕಿ

ಒಂದು ಊರಿನಲ್ಲಿ ಕಳೆದ ವರ್ಷ ಕ್ಷಯದಿಂದ 40 ಜನ ಸತ್ತರು, ಇನ್ನೊಂದು ಊರಿನಲ್ಲಿ 15 ಜನ ಸತ್ತರು ಅಂದುಕೊಳ್ಳಿ. ಎಲ್ಲಿ ಪರಿಸ್ಥಿತಿ ಹೆಚ್ಚು ಕೆಟ್ಟಿದೆ? ಇಷ್ಟೇ ಮಾಹಿತಿಯಿಂದ ಯಾರಿಗೂ ಹೇಳಲು ಆಗುವುದಿಲ್ಲ. ಮೊದಲ ಊರಿನಲ್ಲಿ 4 ಲಕ್ಷ ಜನ, ಎರಡನೆಯದರಲ್ಲಿ ಬರೀ 50 ಸಾವಿರ ಜನ ಇದ್ದಾರೆ ಅಂತ ಗೊತ್ತಾದ ಮೇಲೆ ಲೆಕ್ಕ ತಿರುಗಿ ಬೀಳುತ್ತದೆ. ಮೊದಲನೆಯದರಲ್ಲಿ ಲಕ್ಷಕ್ಕೆ 10 ಸಾವು, ಎರಡನೆಯದರಲ್ಲಿ ಲಕ್ಷಕ್ಕೆ 30.

ಶಾಲೆಯಲ್ಲಿ ಭಿನ್ನರಾಶಿ ಕಲಿಯುವಾಗ ಅಂಶ, ಛೇದ ಅಂತ ಓದಿದ್ದು ನೆನಪಿದೆ ಅಲ್ವಾ? ಆರೋಗ್ಯದ ವರದಿಗಳಲ್ಲಿ ಬರುವ ಹೆಚ್ಚಿನ ಪದಗಳು ಭಿನ್ನರಾಶಿಗಳೇ. ಮೇಲೆ ಏನಿದೆ ಅನ್ನುವುದು ಹೆಸರಿನಲ್ಲೇ ಗೊತ್ತಾಗುತ್ತದೆ, ಶಿಶು ಮರಣ ಅಂದರೆ ಮೇಲಿರುವುದು ಶಿಶುಗಳ ಸಾವು. ನಾವು ಎಡವುವುದು ಕೆಳಗಿನ ಸಂಖ್ಯೆಯಲ್ಲಿ. ಹಾಗಾಗಿ ಯಾವ ವರದಿ ಕೈಗೆ ಬಂದರೂ ಮೊದಲು ಛೇದ ಹುಡುಕಿ. ಯಾರ ಪೈಕಿ, ಎಷ್ಟು ಜನರ ಪೈಕಿ, ಎಷ್ಟು ಕಾಲದಲ್ಲಿ? ಅದು ಸಿಗದಿದ್ದರೆ ಆ ಸಂಖ್ಯೆಯನ್ನು ಬೇರೆ ಯಾವುದರ ಜೊತೆಗೂ ಹೋಲಿಸಲು ಹೋಗಬೇಡಿ.

ಸಾವಿರಕ್ಕೋ, ಲಕ್ಷಕ್ಕೋ ಅನ್ನುವುದನ್ನೂ ಅಲ್ಲೇ ನೋಡಿಕೊಳ್ಳಿ. ಜನನ ದರ, ಮರಣ ದರ, ಶಿಶು ಮರಣ ದರ ಸಾವಿರಕ್ಕೆ ಇರುತ್ತವೆ. ತಾಯಂದಿರ ಮರಣ ಮತ್ತು ಕ್ಯಾನ್ಸರ್ ಲೆಕ್ಕ ಸಾಮಾನ್ಯವಾಗಿ ಲಕ್ಷಕ್ಕೆ. ಇದರ ಹಿಂದೆ ದೊಡ್ಡ ತತ್ವ ಏನಿಲ್ಲ, 0.0008 ಅಂತ ಬರೆದರೆ ಯಾರೂ ಓದುವುದಿಲ್ಲ, ಅದಕ್ಕೆ ಲಕ್ಷದಿಂದ ಗುಣಿಸಿ 80 ಅಂತ ಬರೆಯುತ್ತಾರೆ, ಅಷ್ಟೇ. ಆದರೆ ಒಂದೇ ಪುಟದಲ್ಲಿ ಶಿಶು ಮರಣ 25, ತಾಯಂದಿರ ಮರಣ 80 ಅಂತ ಇದ್ದರೆ ತಾಯಂದಿರ ಸಾವೇ ಜಾಸ್ತಿ ಅಂತ ಓದಿಕೊಳ್ಳುವವರು ಇದ್ದಾರೆ. ಎರಡನ್ನೂ ಲಕ್ಷಕ್ಕೆ ತಂದರೆ ಒಂದು 2,500, ಇನ್ನೊಂದು 80.

ಹುಟ್ಟು, ಮಗು, ತಾಯಿ

ಕಚ್ಚಾ ಜನನ ದರ ಅಂದರೆ ಒಂದು ವರ್ಷದಲ್ಲಿ ಜೀವಂತವಾಗಿ ಹುಟ್ಟಿದ ಮಕ್ಕಳ ಸಂಖ್ಯೆಯನ್ನು ಆ ವರ್ಷದ ನಡುವಿನ ಜನಸಂಖ್ಯೆಯಿಂದ ಭಾಗಿಸಿ ಸಾವಿರದಿಂದ ಗುಣಿಸುವುದು. ಕಚ್ಚಾ ಮರಣ ದರವೂ ಹೀಗೇ. ವರ್ಷದ ನಡುವಿನದ್ದು ಯಾಕೆ ಅಂದರೆ ಜನಸಂಖ್ಯೆ ವರ್ಷವಿಡೀ ಏರಿಳಿಯುತ್ತಿರುತ್ತದೆ, ಮಧ್ಯದ್ದು ತೆಗೆದುಕೊಂಡರೆ ಸರಾಸರಿಗೆ ಹತ್ತಿರ ಬರುತ್ತದೆ.

ಶಿಶು ಮರಣ ದರದಲ್ಲಿ ಛೇದ ಜನಸಂಖ್ಯೆ ಅಲ್ಲ. ಒಂದು ವರ್ಷ ತುಂಬುವ ಮೊದಲೇ ಸತ್ತ ಮಕ್ಕಳು ಮೇಲೆ, ಆ ವರ್ಷ ಜೀವಂತವಾಗಿ ಹುಟ್ಟಿದ ಮಕ್ಕಳು ಕೆಳಗೆ. ಒಂದು ಸಾಲನ್ನು ಬಿಡಿಸಿ ನೋಡೋಣ. ವರದಿಯಲ್ಲಿ ಹೀಗೆ ಇದೆ ಅಂದುಕೊಳ್ಳಿ: ಜೀವಂತ ಜನನ 2,400, ಒಂದು ವರ್ಷದೊಳಗಿನ ಸಾವು 54, ಅದರಲ್ಲಿ ಮೊದಲ 28 ದಿನದೊಳಗಿನ ಸಾವು 36. 54ನ್ನು 2,400ರಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ 22.5, ಇದು ಶಿಶು ಮರಣ ದರ. 36ಕ್ಕೆ ಅದೇ ಲೆಕ್ಕ ಮಾಡಿದರೆ 15, ಇದು ನವಜಾತ ಶಿಶು ಮರಣ ದರ. ಉಳಿದ 18 ಸಾವುಗಳದ್ದು 7.5. ಸುಮ್ನೆ 22.5 ಅಂತ ಓದಿ ಪುಟ ತಿರುಗಿಸಿದರೆ ಒಂದು ಮುಖ್ಯ ವಿಷಯ ಕೈತಪ್ಪುತ್ತದೆ. ಇಲ್ಲಿ ಮೂರರಲ್ಲಿ ಎರಡು ಸಾವು ಮೊದಲ ತಿಂಗಳಲ್ಲೇ ಆಗಿವೆ. ಮೊದಲ ತಿಂಗಳ ಸಾವಿಗೆ ಹೆಚ್ಚಾಗಿ ಕಾರಣ ಅವಧಿಗೆ ಮುಂಚೆ ಹುಟ್ಟುವುದು, ಹೆರಿಗೆ ಹೊತ್ತಿನಲ್ಲಿ ಉಸಿರುಗಟ್ಟುವುದು, ಸೋಂಕು. ಆಮೇಲಿನ ಸಾವುಗಳಲ್ಲಿ ನ್ಯುಮೋನಿಯಾ, ಭೇದಿಯ ಪಾಲು ಏರುತ್ತದೆ. ಅಂದರೆ ಈ ಊರಿಗೆ ಮೊದಲು ಬೇಕಾಗಿರುವುದು ಹೆರಿಗೆ ಸಮಯದ ಮತ್ತು ನಂತರದ ಕೆಲವು ದಿನಗಳ ಒಳ್ಳೆಯ ಆರೈಕೆ. ಜಗತ್ತಿನ ಒಟ್ಟು ಲೆಕ್ಕದಲ್ಲೂ ಐದು ವರ್ಷದೊಳಗಿನ ಮಕ್ಕಳ ಸಾವಿನಲ್ಲಿ ಸುಮಾರು ಅರ್ಧದಷ್ಟು ಮೊದಲ 28 ದಿನಗಳಲ್ಲೇ ಆಗುತ್ತವೆ.

ಇನ್ನೊಂದು ಸೂಕ್ಷ್ಮ ಇದೆ. ಹುಟ್ಟಿದ ಮೇಲೆ ಮಗು ಒಮ್ಮೆ ಉಸಿರಾಡಿದರೂ, ಹೃದಯ ಬಡಿದರೂ, ಹೊಕ್ಕುಳಬಳ್ಳಿ ಮಿಡಿದರೂ ಅದು ಜೀವಂತ ಜನನ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ, ಗರ್ಭ ಎಷ್ಟು ವಾರದ್ದು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಅಂಥ ಮಗು ಕೆಲವೇ ನಿಮಿಷದಲ್ಲಿ ತೀರಿಕೊಂಡಾಗ ಯಾರಾದರೂ ಅದನ್ನು ಸತ್ತು ಹುಟ್ಟಿದ್ದು ಅಂತ ಬರೆದುಬಿಟ್ಟರೆ ಅದು ಮೇಲಿನ ಸಂಖ್ಯೆಯಿಂದಲೂ ಹೋಯಿತು, ಕೆಳಗಿನ ಸಂಖ್ಯೆಯಿಂದಲೂ ಹೋಯಿತು. ಶಿಶು ಮರಣ ದರ ಚೆಂದವಾಗಿ ಕಾಣುತ್ತದೆ. ಅದಕ್ಕೇ ಶಿಶು ಮರಣ ಥಟ್ಟನೆ ಇಳಿದಿದ್ದರೆ ಪಕ್ಕದಲ್ಲೇ ಸತ್ತು ಹುಟ್ಟಿದ ಮಕ್ಕಳ ದರ ಏರಿದೆಯಾ ಅಂತ ನೋಡುವುದು ಒಳ್ಳೆಯದು. ದೇಶದೇಶಗಳ ಹೋಲಿಕೆಗೆ ಆ ದರದಲ್ಲಿ 28 ವಾರ ಅಥವಾ ಅದಕ್ಕೂ ಹೆಚ್ಚಿನ ಗರ್ಭವನ್ನು ಮಾತ್ರ ಎಣಿಸುತ್ತಾರೆ, ಛೇದದಲ್ಲಿ ಜೀವಂತ ಹುಟ್ಟಿದ್ದು, ಸತ್ತು ಹುಟ್ಟಿದ್ದು ಎರಡೂ ಸೇರಿರುತ್ತವೆ.

ತಾಯಂದಿರ ಮರಣ ಅಂದರೆ ಗರ್ಭಿಣಿಯಾಗಿದ್ದಾಗ ಅಥವಾ ಗರ್ಭ ಮುಗಿದ 42 ದಿನಗಳೊಳಗೆ, ಗರ್ಭದಿಂದಲೇ ಆದ ಅಥವಾ ಗರ್ಭದಿಂದ ಉಲ್ಬಣಿಸಿದ ಕಾರಣಕ್ಕೆ ಆಗುವ ಸಾವು. ಗರ್ಭಿಣಿ ರಸ್ತೆ ಅಪಘಾತದಲ್ಲಿ ಸತ್ತರೆ ಇದರಲ್ಲಿ ಸೇರುವುದಿಲ್ಲ. ಗರ್ಭಪಾತದ ತೊಂದರೆಯಿಂದ ಸತ್ತರೆ ಸೇರುತ್ತದೆ. ಇದರಲ್ಲಿ ಅನುಪಾತ, ದರ ಅಂತ ಎರಡು ಅಳತೆಗಳಿವೆ, ವರದಿಗಳು ಕಲಸಿಬಿಡುವುದು ಇಲ್ಲೇ. ಅನುಪಾತದಲ್ಲಿ ಕೆಳಗೆ ಒಂದು ಲಕ್ಷ ಜೀವಂತ ಜನನ ಇರುತ್ತದೆ, ಅಂದರೆ ಪ್ರತಿ ಹೆರಿಗೆ ಎಷ್ಟು ಅಪಾಯಕಾರಿ ಅನ್ನುವುದನ್ನು ಅದು ಹೇಳುತ್ತದೆ. ದರದಲ್ಲಿ ಕೆಳಗೆ ಇರುವುದು 15ರಿಂದ 49 ವರ್ಷದ ಎಲ್ಲಾ ಹೆಂಗಸರು. ಹೆರಿಗೆಗಳ ಸಂಖ್ಯೆ ಕಡಿಮೆಯಾದರೆ ಸಾಕು, ಆಸ್ಪತ್ರೆ ಒಂದಿಷ್ಟೂ ಸುಧಾರಿಸದಿದ್ದರೂ ಎರಡನೆಯದು ಇಳಿಯುತ್ತದೆ.

ಒಟ್ಟು ಫಲವತ್ತತೆ ದರದ ಬಗ್ಗೆ ಒಂದೇ ಮಾತು. ಈಗಿನ ವಯಸ್ಸುವಾರು ಹೆರಿಗೆ ದರ ಹೀಗೇ ಮುಂದುವರಿದರೆ ಒಬ್ಬ ಹೆಂಗಸಿಗೆ ಜೀವಮಾನದಲ್ಲಿ ಸರಾಸರಿ ಎಷ್ಟು ಮಕ್ಕಳಾಗುತ್ತವೆ ಅನ್ನುವ ಅಂದಾಜು ಅದು. ಸುಮಾರು 2.1 ಇದ್ದರೆ ಒಂದು ತಲೆಮಾರು ಇನ್ನೊಂದರ ಜಾಗ ತುಂಬುತ್ತದೆ.

ಹೊಸ ರೋಗಿಗಳು ಬೇರೆ, ಇರುವ ರೋಗಿಗಳು ಬೇರೆ

ಇನ್ಸಿಡೆನ್ಸ್ ಅಂದರೆ ಒಂದು ಅವಧಿಯಲ್ಲಿ ಹೊಸದಾಗಿ ಕಾಯಿಲೆ ಬಿದ್ದವರು. ಪ್ರಿವಲೆನ್ಸ್ ಅಂದರೆ ಒಂದು ಹೊತ್ತಿನಲ್ಲಿ ಕಾಯಿಲೆ ಇರುವ ಎಲ್ಲರೂ, ಹಳಬರು ಹೊಸಬರು ಸೇರಿ. ಪತ್ರಿಕೆಯವರೂ ಕೆಲವೊಮ್ಮೆ ಡಾಕ್ಟರರೂ ಇವೆರಡನ್ನು ಅದಲುಬದಲು ಮಾಡುತ್ತಾರೆ.

ಹತ್ತು ಸಾವಿರ ಜನರ ಊರಿನಲ್ಲಿ ವರ್ಷಕ್ಕೆ 50 ಜನರಿಗೆ ಹೊಸದಾಗಿ ಸಕ್ಕರೆ ಕಾಯಿಲೆ ಬರುತ್ತದೆ, ಬಂದವರು ಸರಾಸರಿ 20 ವರ್ಷ ಅದರ ಜೊತೆ ಬದುಕುತ್ತಾರೆ ಅಂದುಕೊಳ್ಳಿ. ಹೊಸಬರು ವರ್ಷಕ್ಕೆ ಅರ್ಧ ಪರ್ಸೆಂಟ್ ಮಾತ್ರ, ಆದರೆ ಯಾವ ದಿನ ಹೋಗಿ ಎಣಿಸಿದರೂ ಸುಮಾರು 1,000 ಜನ ಸಿಗುತ್ತಾರೆ, ಅಂದರೆ 10 ಪರ್ಸೆಂಟ್. ನೆಗಡಿ ಇದಕ್ಕೆ ತದ್ವಿರುದ್ಧ. ವರ್ಷದಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ, ಒಂದು ವಾರದಲ್ಲಿ ಹೋಗುತ್ತದೆ, ಹಾಗಾಗಿ ಒಂದು ದಿನ ಎಣಿಸಿದರೆ ಸಿಗುವವರು ಕಡಿಮೆ. ಹೊಸ ರೋಗಿಗಳ ದರವನ್ನು ಕಾಯಿಲೆ ಉಳಿಯುವ ಕಾಲದಿಂದ ಗುಣಿಸಿದರೆ ಇರುವ ರೋಗಿಗಳ ಪ್ರಮಾಣ ಅಂದಾಜಾಗಿ ಬರುತ್ತದೆ.

ಇದು ಗೊತ್ತಿಲ್ಲದಿದ್ದರೆ ಒಳ್ಳೆಯ ಸುದ್ದಿಯೂ ಕೆಟ್ಟದ್ದಾಗಿ ಕಾಣುತ್ತದೆ. ಎಚ್‌ಐವಿಗೆ ಪರಿಣಾಮಕಾರಿ ಔಷಧ ಬಂದ ಮೇಲೆ ಸೋಂಕಿತರು ಹೆಚ್ಚು ಕಾಲ ಬದುಕತೊಡಗಿದರು. ಹೊಸ ಸೋಂಕು ಇಳಿಯುತ್ತಿದ್ದರೂ ಸೋಂಕಿನ ಜೊತೆ ಬದುಕುತ್ತಿರುವವರ ಸಂಖ್ಯೆ ಏರಿತು. ಆ ಏರಿಕೆಗೆ ಒಂದು ಕಾರಣ ಜನ ಸಾಯದೆ ಉಳಿದದ್ದು!

ಹೊಸ ರೋಗಿಗಳ ಸಂಖ್ಯೆ ಏರಿದರೆ ರೋಗವೇ ಹರಡುತ್ತಿದೆ ಅಂತಲೂ ಅಲ್ಲ, ಹೆಚ್ಚು ಹುಡುಕಿದರೆ ಹೆಚ್ಚು ಸಿಗುತ್ತದೆ. ದಕ್ಷಿಣ ಕೊರಿಯಾದಲ್ಲಿ ಕುತ್ತಿಗೆಯ ಅಲ್ಟ್ರಾಸೌಂಡ್ ತಪಾಸಣೆ ಹರಡಿದ ಮೇಲೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ದರ 1993ರಿಂದ 2011ರ ಹೊತ್ತಿಗೆ 15 ಪಟ್ಟು ಆಯಿತು. ಅದರಿಂದ ಸಾಯುವವರ ದರ ಮಾತ್ರ ಇದ್ದಲ್ಲೇ ಇತ್ತು. ಜೀವಮಾನವಿಡೀ ಏನೂ ತೊಂದರೆ ಕೊಡದೆ ಇರಬಹುದಾಗಿದ್ದ ಸಣ್ಣ ಸಣ್ಣ ಗಡ್ಡೆಗಳನ್ನೂ ಪತ್ತೆ ಹಚ್ಚಿ ಬಹಳಷ್ಟು ಜನರಿಗೆ ಆಪರೇಷನ್ ಮಾಡಲಾಯಿತು. ಹೊಸ ರೋಗಿಗಳ ಗೆರೆ ಮೇಲೇರಿ, ಸಾವಿನ ಗೆರೆ ಅಲುಗಾಡದೆ ಇದ್ದರೆ ಮೊದಲು ಈ ಅನುಮಾನ ಬರಬೇಕು.

ಸಾವಿನ ದರ ಮೂರು ಥರ

ಮರಣ ದರದಲ್ಲಿ ಛೇದ ಇಡೀ ಜನಸಂಖ್ಯೆ. ಕೇಸ್ ಫೆಟಾಲಿಟಿ ಅನ್ನುವುದರಲ್ಲಿ ಛೇದ ಆ ರೋಗ ಬಂದವರು ಮಾತ್ರ. ರೇಬಿಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಹೆಚ್ಚುಕಡಿಮೆ ಎಲ್ಲರೂ ಸಾಯುತ್ತಾರೆ, ಅಂದರೆ ಕೇಸ್ ಫೆಟಾಲಿಟಿ 100 ಪರ್ಸೆಂಟ್‌ನ ಹತ್ತಿರ. ಆದರೆ ರೋಗ ಬರುವವರೇ ಕಡಿಮೆ ಇರುವ ಕಡೆ ಅದರ ಮರಣ ದರ ಲಕ್ಷಕ್ಕೆ ಒಂದೂ ಇರುವುದಿಲ್ಲ. ಎರಡೂ ಸರಿ, ಹೇಳುವ ಸಂಗತಿ ಬೇರೆ ಬೇರೆ. ಹೊಸ ಸಾಂಕ್ರಾಮಿಕ ಶುರುವಾದ ದಿನಗಳಲ್ಲಿ ಬರುವ ಕೇಸ್ ಫೆಟಾಲಿಟಿಯನ್ನಂತೂ ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಆಸ್ಪತ್ರೆಗೆ ಬಂದ ತೀವ್ರ ರೋಗಿಗಳನ್ನು ಮಾತ್ರ ಪರೀಕ್ಷಿಸಿದ್ದರೆ ಅದು ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ, ಇನ್ನೂ ಹಾಸಿಗೆಯಲ್ಲಿರುವವರ ಗತಿ ಏನಾಗುತ್ತದೋ ಗೊತ್ತಿಲ್ಲದ ಕಾರಣ ಕಡಿಮೆಯೂ ಕಾಣಬಹುದು.

ಮೂರನೆಯದು ಐದು ವರ್ಷದ ಬದುಕುಳಿಯುವ ದರ, ಕ್ಯಾನ್ಸರ್ ವರದಿಗಳಲ್ಲಿ ಬರುತ್ತದೆ. ಪತ್ತೆಯಾದವರಲ್ಲಿ ಐದು ವರ್ಷದ ನಂತರವೂ ಬದುಕಿರುವವರು ಎಷ್ಟು ಪರ್ಸೆಂಟ್ ಅಂತ. ಇದರ ಒಳಗೊಂದು ಬಲೆ ಇದೆ. ಒಬ್ಬರಿಗೆ 67ನೇ ವಯಸ್ಸಿನಲ್ಲಿ ಲಕ್ಷಣ ಕಂಡು ಕ್ಯಾನ್ಸರ್ ಪತ್ತೆಯಾಯಿತು, 70ಕ್ಕೆ ತೀರಿಕೊಂಡರು. ಬದುಕುಳಿದದ್ದು 3 ವರ್ಷ, ಐದು ವರ್ಷದ ಲೆಕ್ಕದಲ್ಲಿ ಅವರು ಫೇಲು. ಅದೇ ವ್ಯಕ್ತಿಗೆ ತಪಾಸಣೆಯಲ್ಲಿ 62ಕ್ಕೇ ಪತ್ತೆಯಾಗಿ, ಚಿಕಿತ್ಸೆ ಏನೂ ಫಲ ಕೊಡದೆ, 70ಕ್ಕೇ ತೀರಿಕೊಂಡಿದ್ದರೆ? 8 ವರ್ಷ, ಪಾಸು. ಸತ್ತ ವಯಸ್ಸು ಒಂದು ದಿನವೂ ಬದಲಾಗಿಲ್ಲ, ದರ ಮಾತ್ರ ಸುಧಾರಿಸಿತು. ತಪಾಸಣೆಯಿಂದ ಜೀವ ಉಳಿಯಿತಾ ಅಂತ ನೋಡಬೇಕಾದರೆ ಬದುಕುಳಿಯುವ ದರ ಬಿಟ್ಟು ಮರಣ ದರ ಇಳಿಯಿತಾ ಅಂತ ನೋಡಿ.

ವಯಸ್ಸಿನ ಆಟ

ಜಪಾನಿನ ಕಚ್ಚಾ ಮರಣ ದರ ಕತಾರ್‌ನದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಜಪಾನಿನ ಆಸ್ಪತ್ರೆಗಳು ಕೆಟ್ಟವು ಅಂತ ಅಲ್ಲ. ಅಲ್ಲಿ ವಯಸ್ಸಾದವರು ಬಹಳ ಇದ್ದಾರೆ, ಕತಾರ್‌ನಲ್ಲಿ ಕೆಲಸಕ್ಕೆ ಬಂದ ಪ್ರಾಯದವರೇ ತುಂಬಿದ್ದಾರೆ. ವಯಸ್ಸಾದವರು ಹೆಚ್ಚು ಸಾಯುತ್ತಾರೆ, ಅದರಲ್ಲಿ ಆಶ್ಚರ್ಯ ಏನಿದೆ. ಹಾಗಾಗಿ ಎರಡು ಪ್ರದೇಶಗಳನ್ನು ಹೋಲಿಸುವಾಗ ವಯಸ್ಸಿಗೆ ಹೊಂದಿಸಿದ ದರ ಬೇಕು. ಪ್ರತಿ ವಯೋಗುಂಪಿನ ಮರಣ ದರವನ್ನು ಬೇರೆ ಬೇರೆ ತೆಗೆದು, ಅದನ್ನು ಎರಡೂ ಕಡೆಗೂ ಒಂದೇ ಆದ ಕಾಲ್ಪನಿಕ ಜನಸಂಖ್ಯೆಗೆ ಹಾಕಿ ಲೆಕ್ಕ ಮಾಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಅಂತಲೇ ಒಂದು ಮಾದರಿ ಜನಸಂಖ್ಯೆ ಇಟ್ಟುಕೊಂಡಿದೆ. ಯಾವ ಮಾದರಿ ಬಳಸಿದರು ಅನ್ನುವುದು ಟೇಬಲ್ ಕೆಳಗೆ ಬರೆದಿರುತ್ತದೆ, ಮಾದರಿ ಬೇರೆ ಇದ್ದರೆ ಹೋಲಿಸಬೇಡಿ. ಹೀಗೆ ಬಂದ ಸಂಖ್ಯೆ ಹೋಲಿಕೆಗೆ ಮಾತ್ರ ಉಪಯೋಗ. ಎಷ್ಟು ಹಾಸಿಗೆ ಬೇಕು, ಎಷ್ಟು ನರ್ಸ್‌ಗಳು ಬೇಕು ಅಂತ ಯೋಚಿಸುವಾಗ ಕಚ್ಚಾ ದರ ಮತ್ತು ನಿಜವಾದ ಎಣಿಕೆಯೇ ಬೇಕು, ಯಾಕೆಂದರೆ ಆಸ್ಪತ್ರೆಗೆ ಬರುವವರು ಕಾಲ್ಪನಿಕ ಜನ ಅಲ್ಲ.

ಸರಾಸರಿ ಆಯಸ್ಸಿನದ್ದೂ ಇದೇ ಥರದ ಗೊಂದಲ. ಹಿಂದಿನ ಕಾಲದಲ್ಲಿ ಸರಾಸರಿ ಆಯಸ್ಸು 40ರ ಆಸುಪಾಸು ಅಂತ ಓದಿದರೆ ಜನ 40ಕ್ಕೆ ಮುದುಕರಾಗುತ್ತಿದ್ದರು ಅಂತ ಅರ್ಥ ಅಲ್ಲ. ಹತ್ತು ಮಕ್ಕಳು ಹುಟ್ಟಿ, ನಾಲ್ಕು ಹುಟ್ಟುತ್ತಲೇ ಹೋಗಿ, ಉಳಿದ ಆರು ಜನ 65ರವರೆಗೆ ಬಾಳಿದರೂ ಸರಾಸರಿ 39 ಬರುತ್ತದೆ. ಆ ಹತ್ತರಲ್ಲಿ ಒಬ್ಬರೂ 39ಕ್ಕೆ ಸತ್ತಿಲ್ಲ ನೋಡಿ. ಜೊತೆಗೆ ಇದು ಭವಿಷ್ಯವಾಣಿಯೂ ಅಲ್ಲ. ಈ ವರ್ಷದ ವಯಸ್ಸುವಾರು ಮರಣ ದರಗಳನ್ನೇ ಒಂದು ಮಗು ಜೀವನಪೂರ್ತಿ ಎದುರಿಸಿದರೆ ಎಷ್ಟು ವರ್ಷ ಬಾಳುತ್ತದೆ ಅನ್ನುವ ಲೆಕ್ಕ. ಅಮೆರಿಕದಲ್ಲಿ ಇದು 2019ರಲ್ಲಿ 78.8 ಇದ್ದದ್ದು 2020ರಲ್ಲಿ 77.0ಕ್ಕೆ ಬಿತ್ತು, 2023ರಲ್ಲಿ ಮತ್ತೆ 78.4 ಆಯಿತು. ಎಲ್ಲರ ಆಯಸ್ಸಿನಿಂದ ಎರಡು ವರ್ಷ ಕತ್ತರಿಸಿ ಆಮೇಲೆ ವಾಪಸ್ ಕೊಟ್ಟರು ಅಂತಲ್ಲ, ಕೋವಿಡ್ ವರ್ಷದ ಸಾವಿನ ದರವನ್ನು ಇಡೀ ಬದುಕಿಗೆ ಹಚ್ಚಿ ನೋಡಿದ್ದರ ಫಲ ಅದು.

ಡ್ಯಾಲಿ ಅನ್ನುವ ಅಳತೆಯೂ ಈಗೀಗ ಎಲ್ಲಾ ವರದಿಯಲ್ಲಿ ಕಾಣುತ್ತದೆ. ಒಂದು ಡ್ಯಾಲಿ ಅಂದರೆ ಆರೋಗ್ಯವಾಗಿ ಕಳೆಯಬೇಕಾಗಿದ್ದ ಒಂದು ವರ್ಷ ನಷ್ಟ. ಬೇಗ ಸತ್ತದ್ದರಿಂದ ಹೋದ ವರ್ಷಗಳು, ಕಾಯಿಲೆಯಲ್ಲಿ ನರಳಿ ಕಳೆದ ವರ್ಷಗಳು, ಎರಡನ್ನೂ ಕೂಡಿಸುತ್ತಾರೆ, ನರಳಿದ ವರ್ಷಗಳಿಗೆ ತೀವ್ರತೆ ನೋಡಿ ತೂಕ ಹಾಕುತ್ತಾರೆ. ಸೊಂಟನೋವಿನಿಂದ ಯಾರೂ ಸಾಯುವುದಿಲ್ಲ, ಸಾವಿನ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ನರಳಿದ ವರ್ಷಗಳ ಜಾಗತಿಕ ಪಟ್ಟಿಯಲ್ಲಿ ಅದು ಮೇಲ್ತುದಿಯಲ್ಲಿ ಕೂತಿದೆ.

ಎರಡು ಪಟ್ಟು ಅಪಾಯ ಅಂದಾಗ

1995ರಲ್ಲಿ ಬ್ರಿಟನ್ನಿನಲ್ಲಿ ಒಂದು ಎಚ್ಚರಿಕೆ ಹೊರಬಿತ್ತು: ಕೆಲವು ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟು ಆಗುತ್ತದೆ ಅಂತ. ಸಾವಿರಾರು ಹೆಂಗಸರು ಹೆದರಿ ಮಾತ್ರೆ ಬಿಟ್ಟರು, ಮುಂದಿನ ವರ್ಷ ಅಲ್ಲಿ ಗರ್ಭಪಾತಗಳು ಹೆಚ್ಚಾದವು. ಮೂಲ ಲೆಕ್ಕ ಏನಿತ್ತು? ಹಳೆಯ ಮಾತ್ರೆಯಲ್ಲಿ ಸುಮಾರು 7,000 ಹೆಂಗಸರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಹೊಸದರಲ್ಲಿ ಇಬ್ಬರಿಗೆ. ಎರಡು ಪಟ್ಟು ಅನ್ನುವುದು ಸುಳ್ಳಲ್ಲ, ಅದು ಸಾಪೇಕ್ಷ ಅಪಾಯ. 7,000ಕ್ಕೆ ಒಬ್ಬರು ಹೆಚ್ಚು ಅನ್ನುವುದು ನಿಜವಾದ ಅಪಾಯದ ವ್ಯತ್ಯಾಸ. ತಲೆಬರಹದಲ್ಲಿ ಮೊದಲನೆಯದು ಬರುತ್ತದೆ, ನಿಮಗೆ ಬೇಕಾಗಿರುವುದು ಎರಡನೆಯದು. ಪಟ್ಟು, ಪರ್ಸೆಂಟ್ ಅಂತ ಕಂಡ ಕೂಡಲೇ ಎಷ್ಟರಿಂದ ಎಷ್ಟಕ್ಕೆ ಅಂತ ಕೇಳಿ. ಶೇಕಡಾ 4ರಿಂದ 6ಕ್ಕೆ ಏರಿದರೆ ಅದನ್ನು 2 ಶೇಕಡಾವಾರು ಅಂಶ ಏರಿಕೆ ಅಂತಲೂ ಬರೆಯಬಹುದು, ಶೇಕಡಾ 50 ಏರಿಕೆ ಅಂತಲೂ ಬರೆಯಬಹುದು, ಬರೆಯುವವರಿಗೆ ಯಾವುದು ಬೇಕೋ ಅದು.

ಸಣ್ಣ ಊರು, ದೊಡ್ಡ ಏರಿಳಿತ

ಮೇಲೆ ನೋಡಿದ 22.5ಕ್ಕೆ ಮತ್ತೆ ಬನ್ನಿ. ಆ ದರ ನಿಂತಿರುವುದು 54 ಸಾವುಗಳ ಮೇಲೆ. ಅದರ 95 ಪರ್ಸೆಂಟ್ ವಿಶ್ವಾಸ ವ್ಯಾಪ್ತಿ ಲೆಕ್ಕ ಹಾಕಿದರೆ ಸುಮಾರು 17ರಿಂದ 29ರವರೆಗೆ ಬರುತ್ತದೆ. ಕಾಕತಾಳೀಯವಾಗಿ ಆಗುವ ಏರುಪೇರನ್ನು ಗಣನೆಗೆ ತೆಗೆದುಕೊಂಡರೆ ಅಲ್ಲಿನ ನಿಜ ಮಟ್ಟ ಇದರೊಳಗೆ ಎಲ್ಲಾದರೂ ಇರಬಹುದು. ಹಾಗಾಗಿ ಮುಂದಿನ ವರ್ಷ 19 ಬಂದರೆ ಸನ್ಮಾನ ಮಾಡಬೇಕಿಲ್ಲ, 26 ಬಂದರೆ ಯಾರನ್ನೂ ಸಸ್ಪೆಂಡ್ ಮಾಡಬೇಕಿಲ್ಲ.

ಅಮೆರಿಕದ ಕೌಂಟಿಗಳನ್ನು (ನಮ್ಮ ಜಿಲ್ಲೆಗಳ ಥರದವು) ಕಿಡ್ನಿ ಕ್ಯಾನ್ಸರ್ ಸಾವಿನ ದರದ ಪ್ರಕಾರ ಸಾಲಾಗಿ ಜೋಡಿಸಿದಾಗ ಅತಿ ಕಡಿಮೆ ದರ ಇರುವವು ಹೆಚ್ಚಾಗಿ ಜನ ಕಡಿಮೆ ಇರುವ ಹಳ್ಳಿಗಾಡಿನ ಕೌಂಟಿಗಳು. ಶುದ್ಧ ಗಾಳಿ, ತಾಜಾ ಊಟ ಅಂತ ಕಾರಣ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪಟ್ಟಿಯ ಇನ್ನೊಂದು ತುದಿ ನೋಡಿ. ಅತಿ ಹೆಚ್ಚು ದರ ಇರುವವೂ ಅಂಥವೇ. ಜನ ಕಡಿಮೆ ಇದ್ದಲ್ಲಿ ಒಂದು ಸಾವು ಹೆಚ್ಚಾದರೆ ದರ ಆಕಾಶಕ್ಕೆ, ಕಡಿಮೆಯಾದರೆ ಸೊನ್ನೆಗೆ. ಅದಕ್ಕೇ ಅಮೆರಿಕದ ಆರೋಗ್ಯ ಅಂಕಿಅಂಶ ಕೇಂದ್ರಕ್ಕೆ 20ಕ್ಕಿಂತ ಕಡಿಮೆ ಸಾವುಗಳ ಮೇಲೆ ನಿಂತ ದರವನ್ನು ನೆಚ್ಚಬೇಡಿ ಅಂತ ಗುರುತು ಹಾಕುವ ರೂಢಿ ಇದೆ. ಸಣ್ಣ ಊರಿನ ಲೆಕ್ಕ ನೋಡುವುದಾದರೆ ಮೂರು ಅಥವಾ ಐದು ವರ್ಷದ ಸಾವುಗಳನ್ನು ಕೂಡಿಸಿ, ಅಷ್ಟೇ ವರ್ಷದ ಜನನಗಳನ್ನೂ ಕೂಡಿಸಿ ದರ ತೆಗೆಯಿರಿ.

ಟೇಬಲ್‌ನಲ್ಲಿ ಸೊನ್ನೆ ಬೇರೆ, ಅಡ್ಡಗೆರೆ ಬೇರೆ ಅನ್ನುವುದೂ ನೆನಪಿರಲಿ. ಸೊನ್ನೆ ಅಂದರೆ ಎಣಿಸಿದರು, ಯಾರೂ ಇರಲಿಲ್ಲ. ಅಡ್ಡಗೆರೆ ಅಂದರೆ ಎಣಿಸಿಲ್ಲದಿರಬಹುದು, ಅಥವಾ ಇದ್ದವರು ಇಬ್ಬರೋ ಮೂವರೋ ಆಗಿದ್ದು ಅವರು ಯಾರು ಅಂತ ಗೊತ್ತಾಗಬಾರದು ಅಂತ ಮುಚ್ಚಿಟ್ಟಿರಬಹುದು. ಯಾವುದು ಅಂತ ಅಡಿಟಿಪ್ಪಣಿಯಲ್ಲಿ ಇರುತ್ತದೆ. ಗ್ರಾಫ್ ಒಂದೇ ವರ್ಷದಲ್ಲಿ ಮೆಟ್ಟಿಲಿನ ಥರ ಜಿಗಿದಿದ್ದರೂ ಅಲ್ಲೇ ನೋಡಿ. ರೋಗಗಳನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಪಟ್ಟಿ ಆಗಾಗ ಬದಲಾಗುತ್ತದೆ. ಅದರ ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ, ಆದರೆ ಒಂದೊಂದು ದೇಶ ಒಂದೊಂದು ವರ್ಷ ಅದಕ್ಕೆ ಬದಲಾಯಿಸಿಕೊಳ್ಳುತ್ತದೆ. ಹಳೆಯ ಪಟ್ಟಿಯಲ್ಲಿ ಒಂದು ಹೆಸರಿನಡಿ ಇದ್ದ ಸಾವುಗಳು ಹೊಸದರಲ್ಲಿ ಇನ್ನೊಂದರ ಕೆಳಗೆ ಹೋದರೆ ಒಂದು ರೋಗ ರಾತ್ರೋರಾತ್ರಿ ಇಳಿದಂತೆ, ಇನ್ನೊಂದು ಏರಿದಂತೆ ಕಾಣುತ್ತದೆ.